ಒಂದೇ ದಿನ ಬಂದ ಎರಡು ಕಾಯಿದೆ

1

ನಮ್ಮೂರು ಭೋಜ. ಬೆಳಗಾವಿ ಜಿಲ್ಲೆ, ಹಿಂದೆ ಚಿಕ್ಕೋಡಿ ತಾಲೂಕು, ಈಗ ನಿಪ್ಪಾಣಿ ತಾಲೂಕು. ಊರ ಹತ್ತಿರ ಎರಡು ಹೊಳೆ ಕೂಡುತ್ತವೆ. ಒಂದು ವೇದಗಂಗಾ, ಇನ್ನೊಂದು ದೂಧಗಂಗಾ. ಒಂದು ವೇದದ ಹೊಳೆ, ಒಂದು ಹಾಲಿನ ಹೊಳೆ. ಎರಡೂ ಕೂಡಿ ಮುಂದೆ ಕೃಷ್ಣೆಗೆ ಹೋಗುತ್ತವೆ. ಸಾಲಿಯಲ್ಲಿ ಮಾಸ್ತರರು ಈ ಹೆಸರು ಹೇಳಿಕೊಟ್ಟಾಗ ನಮಗೆ ಏನೂ ಅನ್ನಿಸಿರಲಿಲ್ಲ. ಕಾಲೇಜಿನಲ್ಲಿ ಓದುವಾಗ ಪರಾಶರ ಸ್ಮೃತಿಯ ಒಂದು ವಿಧಿ ಕಣ್ಣಿಗೆ ಬಿತ್ತು. ಕಪಿಲೆ ಹಸುವಿನ ಹಾಲು ಕುಡಿದರೆ, ವೇದದ ಅಕ್ಷರದ ವಿಚಾರಕ್ಕೆ ಹೋದರೆ ಶೂದ್ರನಾದವನು ಚಾಂಡಾಲನಾಗುತ್ತಾನಂತೆ. ಹಾಲೂ ವೇದವೂ ಒಂದೇ ಶ್ಲೋಕದಲ್ಲಿ! ಶೂದ್ರನಿಗೇ ಇಷ್ಟಾದರೆ, ಮೊದಲೇ ಚಾಂಡಾಲರೆನಿಸಿಕೊಂಡ ನಮ್ಮ ಪಾಡೇನು? ನಮ್ಮೂರ ಹೊಳೆಗಳು ಮಾತ್ರ ಯಾವ ಸ್ಮೃತಿಯನ್ನೂ ಓದದೆ ಹರಿಯುತ್ತಿವೆ.

ನಾವು ಇಲ್ಲಿ ಬರೆಯುತ್ತಿರುವುದು ಹಾಲಿನ ಶುದ್ಧಿಯ ಬಗ್ಗೆ, ಆ ಶುದ್ಧಿಯನ್ನು ಕಾಪಾಡಲು ಸರಕಾರ ಕಾಯಿದೆ ಹಿಡಿದು ಹೊರಟ ಕತೆಯ ಬಗ್ಗೆ. ಆದರೆ ನಮ್ಮ ದೇಶದಲ್ಲಿ ಶುದ್ಧಿ ಎಂಬುದು ಒಂದಲ್ಲ, ಎರಡು. ಬಾಟಲಿಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳಿಸುವ ಶುದ್ಧಿ ಒಂದು. ಯಾರ ಕೈ ಮುಟ್ಟಿತು ಎಂದು ನೋಡುವ ಶುದ್ಧಿ ಇನ್ನೊಂದು. ಮೊದಲನೆಯದಕ್ಕೆ ಇನ್ಸ್‌ಪೆಕ್ಟರು ಬಂದ. ಎರಡನೆಯದಕ್ಕೆ ಇವತ್ತಿಗೂ ಬಂದಿಲ್ಲ.

ನಾವು ಸಣ್ಣವರಿದ್ದಾಗ ಆಯಿಯ ಊರಲ್ಲಿದ್ದು ಒಂದೆರಡು ವರ್ಷ ಸಾಲಿ ಕಲಿತೆವು. ಆ ಊರಿನ ಹೆಸರು ಬೇಡ. ಹೆಸರು ಬರೆದರೆ ಅದೊಂದೇ ಊರಿನ ತಪ್ಪು ಎಂದಾದೀತು. ಆಯಿ ಪಾಲಿಗೆ ಒಂದು ಎಮ್ಮೆ ಕಟ್ಟಿದ್ದಳು. ಹೊಲ ಇಲ್ಲ, ಮೇವಿಲ್ಲ. ಕಬ್ಬಿನ ಗದ್ದೆಗೆ ಕೂಲಿಗೆ ಹೋದಲ್ಲಿ ರವದಿ, ಬದುವಿನ ಹುಲ್ಲು ತಲೆ ಮೇಲೆ ಹೊತ್ತು ತರುತ್ತಿದ್ದಳು. ನಸುಕಿನಲ್ಲಿ ಹಿಂಡಿದ ಹಾಲನ್ನು ಡೇರಿಗೆ ಒಯ್ಯುವುದು ನಮ್ಮ ಕೆಲಸ. ಒಂದು ದಿನ ಆಯಿಯೂ ಸಂಗಡ ಬಂದಿದ್ದಳು. ಮಷೀನಿನಲ್ಲಿ ಹಾಕಿದರು. ಫ್ಯಾಟು ಏಳು ಬಿತ್ತು. ಅವತ್ತು ಸಾಲಿನಲ್ಲಿ ನಿಂತವರ ಯಾರ ಹಾಲಿಗೂ ಅಷ್ಟು ಬಿದ್ದಿರಲಿಲ್ಲ. ಹಾಲು ಅಳೆಯುವವ ಚೀಟಿ ಬರೆದ. ಆಮೇಲೆ ಆ ಹಾಲನ್ನು ಮುಂದಿದ್ದ ಕ್ಯಾನಿಗೆ ಸುರಿಯದೆ ಹಿಂದೆ ಮೂಲೆಯಲ್ಲಿದ್ದ ಕ್ಯಾನಿಗೆ ಸುರಿದ.

“ಯಾಕ್ರಿ ಸಾವ್ಕಾರ್ರ, ನನ್ನ ಹಾಲ ಕೆಟ್ಟದೇನ್ರಿ?” ಎಂದಳು ಆಯಿ.

“ಹಾಲ ಛಲೋ ಐತಿ ಬಿಡ ಮುದುಕಿ. ಇದು ಊರಾಗ ಮಾರೂ ಕ್ಯಾನ. ನಿಂದು ಟ್ಯಾಂಕರಿಗೆ ಹೋಗ್ತೈತಿ.”

ಆಯಿ ತುಂಬಿಗೆ ತೊಳೆದುಕೊಂಡು ಸುಮ್ಮನೆ ಹೊರಟಳು. ನಮಗೆ ಆವಾಗ ತಿಳಿದಿರಲಿಲ್ಲ. ಊರವರು ಕುಡಿಯುವ ಹಾಲಿಗೆ ನಮ್ಮ ಹಾಲು ಕೂಡಬಾರದು. ಪೇಟೆಯವರು ಕುಡಿಯುವ ಹಾಲಿಗೆ ಕೂಡಬಹುದು. ಯಾಕೆಂದರೆ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಫ್ಯಾಟು ಅಳೆಯುವ ಮಷೀನು ಸುಳ್ಳು ಹೇಳಲಿಲ್ಲ. ಸುಳ್ಳು ಇದ್ದದ್ದು ಕ್ಯಾನಿನಲ್ಲಿ.

2

ಈ ಬೇರೆ ಕ್ಯಾನು ಒಂದು ದಿನದಲ್ಲಿ ಬಂದದ್ದಲ್ಲ. ಅದಕ್ಕೆ ಚರಿತ್ರೆ ಇದೆ. ಆ ಚರಿತ್ರೆಯ ಬಹಳಷ್ಟು ನಮ್ಮ ಗಡಿಯ ಸುತ್ತಲೇ ನಡೆದದ್ದು.

ಕೊಲ್ಲಾಪುರದ ಶಾಹೂ ಮಹಾರಾಜರ ಕಾಲದಲ್ಲಿ ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ನೌಕರ ಅರಮನೆಯ ಲಾಯದಲ್ಲಿ ದುಡಿಯುತ್ತಿದ್ದ. ಮೇಲಿನವರ ನೀರಿನ ಹೌದನ್ನು ಮುಟ್ಟಿದ ಎಂದು ಅವನನ್ನು ಹೊಡೆದರು. ಶಾಹೂ ಅವನಿಗೆ ಚಹಾದ ಅಂಗಡಿ ಹಾಕಿಕೊಟ್ಟರು. ಹಾಲು ಹಾಕಿದ ಚಹಾ, ಅಸ್ಪೃಶ್ಯನ ಕೈಯ ಚಹಾ. ಯಾರು ಕುಡಿಯುತ್ತಾರೆ? ಆಗ ಮಹಾರಾಜರೇ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿದರು, ಸಂಗಡ ಇದ್ದವರಿಗೂ ಕುಡಿಸಿದರು. ರಾಜ ಕುಡಿದ ಮೇಲೆ ಉಳಿದವರು ಬಾಯಿ ಮುಚ್ಚಿಕೊಂಡರು. ಕಾಯಿದೆ ಮಾಡದ ಕೆಲಸವನ್ನು ಒಂದು ಕಪ್ಪು ಚಹಾ ಮಾಡಿತು. ಆದರೆ ಪ್ರತಿ ಊರಿಗೂ ಒಬ್ಬ ಶಾಹೂ ಎಲ್ಲಿ ಸಿಗುತ್ತಾನೆ?

1920ರ ಮಾರ್ಚಿನಲ್ಲಿ ಕೊಲ್ಲಾಪುರ ಸಂಸ್ಥಾನದ ಮಾಣಗಾಂವಿನಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಬಾಬಾಸಾಹೇಬರು ಅಧ್ಯಕ್ಷರು. ಇವರೇ ನಿಮ್ಮ ನಾಯಕರು ಎಂದು ಶಾಹೂ ಅಲ್ಲಿ ಜನರಿಗೆ ತೋರಿಸಿಕೊಟ್ಟರು. ಆ ಮಾಣಗಾಂವು ನಮ್ಮ ಭೋಜಿನಿಂದ ದೂರವೇನಲ್ಲ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಗೇ ಬಂದು ಬಹಿಷ್ಕೃತರ ಪ್ರಾಂತಿಕ ಪರಿಷತ್ತು ನಡೆಸಿದರು. ತಂಬಾಕಿನ ಘಾಟಿನ ಊರಲ್ಲಿ ನಮ್ಮ ಹಿರಿಯರು ಅವರ ಮಾತು ಕೇಳಿದರು.

ಎರಡು ವರ್ಷ ಕಳೆದು ಮಹಾಡ. 1927ರ ಮಾರ್ಚ್ 20. ಚವದಾರ ಕೆರೆಯ ನೀರನ್ನು ನಮ್ಮವರು ಬೊಗಸೆಯಲ್ಲಿ ಕುಡಿದರು. ಆಮೇಲೆ ಮೇಲ್ಜಾತಿಯವರು ಏನು ಮಾಡಿದರು? ಕೆರೆ ಮೈಲಿಗೆಯಾಯಿತೆಂದು 108 ಕೊಡ ತಂದು ಶುದ್ಧಿ ಮಾಡಿದರು. ಆ ಕೊಡಗಳಲ್ಲಿ ಇದ್ದದ್ದು ಸಗಣಿ, ಗಂಜಲ, ಹಾಲು, ಮೊಸರು. ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಕುಡಿಯುವ ನೀರಿಗೆ ಸಗಣಿ ಗಂಜಲ ಸುರಿದದ್ದು ಶುದ್ಧಿ. ಬಾಯಾರಿದ ಮನುಷ್ಯ ಕೈ ಇಟ್ಟದ್ದು ಮೈಲಿಗೆ. ಆಹಾರ ಇನ್ಸ್‌ಪೆಕ್ಟರು ಯಾರಾದರೂ ಅವತ್ತು ಆ ಕೆರೆಯ ನೀರಿನ ಮಾದರಿ ತೆಗೆದಿದ್ದರೆ ಯಾರ ಮೇಲೆ ಕೇಸು ಹಾಕಬೇಕಾಗಿತ್ತು?

1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಜಯಪುರ ಸಂಸ್ಥಾನದ ಚಕವಾರಾ ಎಂಬ ಹಳ್ಳಿಯ ಘಟನೆ ಹೇಳುತ್ತಾರೆ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಬಡಿಸಿದ. ಊಟ ಮಾಡುತ್ತಿದ್ದಾಗಲೇ ಊರವರು ನೂರಾರು ಮಂದಿ ಲಾಠಿ ಹಿಡಿದು ನುಗ್ಗಿದರು, ಅನ್ನ ಹಾಳು ಮಾಡಿದರು, ಜನರನ್ನು ಬಡಿದರು. ತುಪ್ಪದಲ್ಲಿ ಕಲಬೆರಕೆ ಇತ್ತೇ? ಇಲ್ಲ. ತುಪ್ಪ ಅಪ್ಪಟವಾಗಿತ್ತು. ಅದೇ ತಪ್ಪಾಗಿತ್ತು.

ಹೀಗೆ ನಮ್ಮ ದೇಶದಲ್ಲಿ ಹಾಲು, ಮೊಸರು, ತುಪ್ಪ ಬರೇ ಆಹಾರ ಅಲ್ಲ. ಕೆರೆ ತೊಳೆಯುವ ಔಷಧಿಯೂ ಅವೇ, ಯಾರು ಎಲ್ಲಿ ಕೂಡಬೇಕು ಎಂದು ಹೇಳುವ ಹುಕುಮೂ ಅವೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಸರಕಾರದ ಕಾಯಿದೆಗೆ ಬರೋಣ.

3

ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯಲ್ಲಿ 272, 273ನೆಯ ಕಲಮುಗಳಿದ್ದವು. ತಿನ್ನುವ ಕುಡಿಯುವ ವಸ್ತುವನ್ನು ಅಪಾಯವಾಗುವಂತೆ ಕಲಬೆರಕೆ ಮಾಡಿ ಮಾರಿದರೆ ಆರು ತಿಂಗಳ ತನಕ ಸಜಾ ಅಥವಾ ಸಾವಿರ ರೂಪಾಯಿ ತನಕ ದಂಡ. ಹಾಲಿಗೆ ನೀರು ಹಾಕಿದರೆ ಅಪಾಯ ಎಂದು ತೋರಿಸುವುದು ಕಷ್ಟ. ಆದ್ದರಿಂದ ಪ್ರಾಂತಗಳು ತಮ್ಮ ತಮ್ಮ ಕಾಯಿದೆ ಮಾಡಿಕೊಂಡವು. ನಮ್ಮ ಬೆಳಗಾವಿ ಆಗ ಮುಂಬಯಿ ಇಲಾಖೆಯಲ್ಲಿತ್ತು. ಮುಂಬಯಿ ಸರಕಾರ 1899ರಲ್ಲಿ ಒಮ್ಮೆ, 1925ರಲ್ಲಿ ಇನ್ನೊಮ್ಮೆ ಕಲಬೆರಕೆ ತಡೆಯುವ ಕಾಯಿದೆ ತಂದಿತು. ಅವುಗಳ ಕಣ್ಣಿದ್ದದ್ದು ಹೆಚ್ಚಾಗಿ ಪೇಟೆಯ ಮೇಲೆ. ಹಳ್ಳಿಯ ಹಾಲಿಗೆ ಹಳ್ಳಿಯೇ ನ್ಯಾಯಾಧೀಶ. ಆ ನ್ಯಾಯಾಧೀಶನ ತೀರ್ಪು ಏನೆಂದು ನಮಗೆ ಗೊತ್ತೇ ಇದೆ.

ಸ್ವಾತಂತ್ರ್ಯ ಬಂತು. ಸಂವಿಧಾನ ಬಂತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 47ನೆಯ ವಿಧಿ ಜನರ ಪೌಷ್ಟಿಕತೆ, ಆರೋಗ್ಯ ನೋಡಿಕೊಳ್ಳುವುದು ಸರಕಾರದ ಕರ್ತವ್ಯ ಎಂದಿತು. ಎರಡಕ್ಕೂ ಕಾಯಿದೆ ಬೇಕಾಗಿತ್ತು. ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಪಾಸಾಯಿತು. ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರಲ್ಲಿ ಪಾಸಾಯಿತು. ಇವೆರಡೂ ಜಾರಿಗೆ ಬಂದದ್ದು ಯಾವತ್ತು ಗೊತ್ತೇನು? ಒಂದೇ ದಿನ. 1955ರ ಜೂನ್ 1.

ಇದನ್ನು ನಾವು ಎಲ್ಲೂ ಓದಿರಲಿಲ್ಲ. ಎರಡು ಕಾಯಿದೆಗಳ ತಾರೀಖನ್ನು ಹಾಳೆಯ ಮೇಲೆ ಅಕ್ಕಪಕ್ಕ ಬರೆದುಕೊಂಡಾಗ ಕಣ್ಣಿಗೆ ಬಿತ್ತು. ಅವಳಿ ಮಕ್ಕಳು. ಒಂದು ಮಗುವಿಗೆ ಹಾಲಿನ ಮೈಲಿಗೆ ತೊಳೆಯುವ ಕೆಲಸ, ಇನ್ನೊಂದಕ್ಕೆ ಮನುಷ್ಯರ ಮೈಲಿಗೆ ತೊಳೆಯುವ ಕೆಲಸ. ಈಗ ಆ ಎರಡು ಮಕ್ಕಳನ್ನು ಸರಕಾರ ಹೇಗೆ ಸಾಕಿತು, ನೋಡಿ.

ಮೊದಲ ಮಗುವಿಗೆ ಆಹಾರ ಇನ್ಸ್‌ಪೆಕ್ಟರು ಇದ್ದ. ಅವನು ಯಾರ ಫಿರ್ಯಾದಿಗೂ ಕಾಯಬೇಕಾಗಿರಲಿಲ್ಲ. ರಸ್ತೆಯಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗುವವನನ್ನು ನಿಲ್ಲಿಸಿ, ಬೆಲೆ ಕೊಟ್ಟು ಹಾಲು ಕೊಂಡು, ಮೂರು ಬಾಟಲಿಯಲ್ಲಿ ಹಂಚಿ, ಹಾಲು ಕೆಡದಂತೆ ಪ್ರತಿ 25 ಮಿಲಿಲೀಟರಿಗೆ ಎರಡು ಹನಿ ಫಾರ್ಮಲಿನ್ ಹಾಕಿ, ಸಾಕ್ಷಿದಾರರ ಮುಂದೆ ಮುದ್ರೆ ಒತ್ತಿ ಕಳಿಸುತ್ತಿದ್ದ. ಪಬ್ಲಿಕ್ ಅನಲಿಸ್ಟ್ ಎಂಬ ಅಧಿಕಾರಿ ಪರೀಕ್ಷೆ ಮಾಡಿ ವರದಿ ಕೊಡುತ್ತಿದ್ದ. ಆ ವರದಿ ಒಪ್ಪದಿದ್ದರೆ ಕೇಂದ್ರ ಆಹಾರ ಪ್ರಯೋಗಶಾಲೆ ಇತ್ತು. ಅವುಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇತ್ತು. ಅಧಿಕಾರಿ, ಬಾಟಲಿ, ಮುದ್ರೆ, ಪ್ರಯೋಗಶಾಲೆ, ಅಪೀಲು ಎಲ್ಲವೂ ಇದ್ದವು.

ಎರಡನೆಯ ಮಗುವಿಗೆ ಏನಿತ್ತು? ಪೊಲೀಸು ಸ್ಟೇಶನ್ನು. ಅಂಗಡಿ, ಹೋಟೆಲು, ಬಾವಿ, ಕೆರೆ, ಕಸುಬು, ವ್ಯಾಪಾರ ಇವುಗಳಿಂದ ತಡೆದರೆ ಅಪರಾಧ ಎಂದು ಕಾಯಿದೆ ಬರೆಯಿತು. ಆದರೆ ಹೋಟೆಲಿಗೆ ಹೋಗಿ ಬೇರೆ ಕಪ್ಪು ಇದೆಯೇ ಎಂದು ಮಾದರಿ ತೆಗೆಯುವ ಇನ್ಸ್‌ಪೆಕ್ಟರನ್ನು ನೇಮಿಸಲಿಲ್ಲ. ಬಡಿಸಿಕೊಂಡವನೇ ಎದ್ದು ಹೋಗಬೇಕು, ಅವನೇ ಫಿರ್ಯಾದಿ, ಅವನೇ ಸಾಕ್ಷಿ, ಮರುದಿನ ಅದೇ ಊರಲ್ಲಿ ಅವನೇ ಕೂಲಿ ಕೇಳಬೇಕು. ಇನ್ನೊಂದು ಮಾತು. ಅಂಗಡಿಯವನು ನಮಗೆ ಮಾರದಿದ್ದರೆ ಅಪರಾಧ ಎಂದು ನೇರವಾಗಿ ಬರೆದ ಕಾಯಿದೆ, ಊರು ನಮ್ಮಿಂದ ಕೊಳ್ಳದಿದ್ದರೆ ಏನು ಎಂಬುದನ್ನು ಅಷ್ಟು ನೇರವಾಗಿ ಬರೆಯಲಿಲ್ಲ. ಬರೆದವರ ಕಣ್ಣಿಗೆ ನಾವು ಕೊಳ್ಳುವವರಾಗಿ ಕಂಡೆವು. ನಮ್ಮ ಕೈಯಲ್ಲೂ ಮಾರುವುದಕ್ಕೆ ಒಂದು ತುಂಬಿಗೆ ಹಾಲು ಇದ್ದೀತು ಎಂದು ಅವರಿಗೆ ಹೊಳೆಯಲಿಲ್ಲ.

4

ಮೊದಲ ಕಾಯಿದೆಯ ಅಳತೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಾಲಿನಲ್ಲಿ ಎರಡನ್ನು ಅಳೆಯುತ್ತಾರೆ. ಒಂದು ಕೊಬ್ಬು, ನಮ್ಮ ಕಡೆ ಫ್ಯಾಟು. ಇನ್ನೊಂದು ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಡೇರಿಯ ಭಾಷೆಯಲ್ಲಿ ಎಸ್ಸೆನ್ನೆಫ್. 1955ರ ನಿಯಮಗಳ ಕೋಷ್ಟಕ ಬೆಳೆಯುತ್ತ ಬೆಳೆಯುತ್ತ ರಾಜ್ಯಕ್ಕೊಂದು ಲೆಕ್ಕ ಆಯಿತು. ಎಮ್ಮೆ ಹಾಲಿಗೆ ಕರ್ನಾಟಕದಲ್ಲಿ ಫ್ಯಾಟು ಕನಿಷ್ಠ 5, ಮಹಾರಾಷ್ಟ್ರದಲ್ಲಿ 6. ಎಸ್ಸೆನ್ನೆಫ್ ಎರಡೂ ಕಡೆ 9. ನಮ್ಮ ಭೋಜು ಗಡಿಯ ಊರು. ಗಡಿ ದಾಟಿದರೆ ಇಚಲಕರಂಜಿ, ಅದರಾಚೆ ಕೊಲ್ಲಾಪುರ. ಹೊಳೆಯ ಈಚೆ ದಂಡೆಯಲ್ಲಿ ಐದೂವರೆ ಫ್ಯಾಟಿನ ಹಾಲು ಶುದ್ಧ. ಅದೇ ಕ್ಯಾನು ಅದೇ ಮುಂಜಾನೆ ಆಚೆ ಪೇಟೆಗೆ ಮುಟ್ಟಿದರೆ ಕಾಯಿದೆಯ ಕಣ್ಣಿನಲ್ಲಿ ಕಲಬೆರಕೆ. ಎಮ್ಮೆಗೆ 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ಆದದ್ದು ಗೊತ್ತಿರಲಿಲ್ಲ. ಹಾಲು ಒಯ್ಯುವ ಗವಳಿಗೂ ಗೊತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ಅಳತೆ ಎಂದು ತಿದ್ದಿದ್ದು 2017ರ ಹೊತ್ತಿಗೆ.

ಇನ್ನೊಂದು ನಿಯಮ ಇತ್ತು. ಯಾವ ಹಾಲು ಎಂದು ಹೇಳದೆ ಮಾರಿದರೆ ಅದನ್ನು ಎಮ್ಮೆ ಹಾಲಿನ ಅಳತೆಗೆ ಹಿಡಿಯಬೇಕು. ಒಂದು ಜವಾರಿ ಆಕಳು ಕಟ್ಟಿಕೊಂಡ ಮುದುಕಿ ಬಾಯಿ ಬಿಟ್ಟು “ಇದು ಆಕಳ ಹಾಲ್ರೀ” ಎನ್ನದಿದ್ದರೆ, ಕ್ಯಾನಿನ ಮೇಲೆ ಬರೆಸದಿದ್ದರೆ, ಅವಳ ಒಳ್ಳೆಯ ಹಾಲೇ ಕಳಪೆ. ಅಕ್ಷರ ಬಾರದವಳು ಕ್ಯಾನಿನ ಮೇಲೆ ಏನು ಬರೆಸುತ್ತಾಳೆ? ವರದಿ ಬಂದ ಮೇಲೆ ಕೇಂದ್ರ ಪ್ರಯೋಗಶಾಲೆಗೆ ಹೋಗಬೇಕೆಂದರೆ ಅರ್ಜಿ ಹಾಕಲು ಹತ್ತು ದಿನ. ಕಾಗದ ಓದಿಸುವವರನ್ನು ಹುಡುಕುವುದರಲ್ಲೇ ಹತ್ತು ದಿನ ಹೋಗುವ ಮನೆಗಳು ನಮ್ಮವು.

ಹಾಗಂತ ಕಾಯಿದೆ ಎಲ್ಲದಕ್ಕೂ ಕುರುಡಾಗಿರಲಿಲ್ಲ. ತುಪ್ಪದ ಅಳತೆ ಬರೆಯುವಾಗ ಹತ್ತಿ ಬೆಳೆಯುವ ಸೀಮೆಯ ತುಪ್ಪಕ್ಕೆ ಬೇರೆ ಲೆಕ್ಕ ಇಟ್ಟರು. ಹತ್ತಿಕಾಳು ತಿಂದ ದನದ ತುಪ್ಪದ ಗುಣ ಬದಲಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ವನಸ್ಪತಿ ತಯಾರಿಸುವವರು ಕಡ್ಡಾಯವಾಗಿ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಬೆರೆಸಬೇಕು ಎಂದು ನಿಯಮ ಮಾಡಿದರು. ತುಪ್ಪಕ್ಕೆ ವನಸ್ಪತಿ ಕೂಡಿಸಿದರೆ ಪರೀಕ್ಷೆಯಲ್ಲಿ ಆ ಎಳ್ಳೆಣ್ಣೆ ಕೆಂಪಗೆ ಬಣ್ಣ ತೋರಿಸಿ ಕಳ್ಳನನ್ನು ಹಿಡಿದುಕೊಡುತ್ತದೆ. ಎಷ್ಟು ಜಾಣತನ! ಹತ್ತಿ ಸೀಮೆಯನ್ನು ಕಂಡ ಕಾಯಿದೆ ಕೇರಿಯನ್ನು ಕಾಣಲಿಲ್ಲ. ಎಳ್ಳೆಣ್ಣೆಯಿಂದ ವನಸ್ಪತಿಯನ್ನು ಹಿಡಿದವರು ಬೇರೆ ಕ್ಯಾನನ್ನು ಹಿಡಿಯಲು ಒಂದು ಹನಿ ಯುಕ್ತಿಯನ್ನೂ ಖರ್ಚು ಮಾಡಲಿಲ್ಲ.

5

ನಮ್ಮ ಜನರ ಮೇಲೆ ಮೊದಲು ಬಂದ ಉಪಕರಣ ಲ್ಯಾಕ್ಟೋಮೀಟರು. ಗಾಜಿನ ಬುರುಡೆ, ಹಾಲಿನಲ್ಲಿ ತೇಲುತ್ತದೆ. ನೀರು ಹಾಕಿದ್ದರೆ ಕೆಳಗೆ ಮುಳುಗುತ್ತದೆ, ಡಿಗ್ರಿ ಇಳಿಯುತ್ತದೆ. ಆದರೆ ಅದನ್ನು ಮೋಸ ಮಾಡುವುದು ಸುಲಭ. ಮೊದಲು ಕೆನೆ ತೆಗೆಯಿರಿ. ಕೆನೆ ಹಗುರ, ಅದು ಹೋದ ಮೇಲೆ ಹಾಲಿನ ತೂಕ ಏರುತ್ತದೆ. ಆಮೇಲೆ ಅಳತೆ ನೋಡಿ ನೀರು ಹಾಕಿ. ಡಿಗ್ರಿ ಮತ್ತೆ ಸರಿಯಾದ ಗೆರೆಗೆ ಬರುತ್ತದೆ. ಕೆನೆ ತೆಗೆಯಲು ಮಷೀನು ಬೇಕು, ಬೆಣ್ಣೆ ಮಾರಲು ಪೇಟೆಯ ಸಂಬಂಧ ಬೇಕು. ಹಾಗಾಗಿ ಲ್ಯಾಕ್ಟೋಮೀಟರಿಗೆ ಸಿಕ್ಕಿಬೀಳುತ್ತಿದ್ದವನು ಒಂದು ತುಂಬಿಗೆ ನೀರು ಹಾಕಿದ ಬಡವ. ಕೆನೆ ತಿಂದು ನೀರು ಕೂಡಿಸಿದ ದೊಡ್ಡವನು ಪಾಸಾಗುತ್ತಿದ್ದ.

ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಡುಹಿಡಿದ ಪರೀಕ್ಷೆ ಬಂದ ಮೇಲೆ ಈ ಆಟ ಕಷ್ಟವಾಯಿತು. ಕತ್ತು ಸಣ್ಣದಾದ ಗಾಜಿನ ನಳಿಗೆಯಲ್ಲಿ ಗಂಧಕಾಮ್ಲ, ಅದರ ಮೇಲೆ ಹಾಲು, ಸ್ವಲ್ಪ ಅಮೈಲ್ ಆಲ್ಕೋಹಾಲ್. ಗರಗರ ತಿರುಗಿಸಿದರೆ ಕೊಬ್ಬು ಮೇಲೆ ಬಂದು ಗೆರೆಯಲ್ಲಿ ನಿಲ್ಲುತ್ತದೆ. ಸಹಕಾರಿ ಸಂಘಗಳು ಇದನ್ನು ಹಳ್ಳಿಗೆ ತಂದವು. 1946ರಲ್ಲಿ ಗುಜರಾತಿನ ಆಣಂದದಲ್ಲಿ ಸುರುವಾದದ್ದು, 1963ರಲ್ಲಿ ಕೊಲ್ಲಾಪುರದ ಗೋಕುಳ ಸಂಘ ಹುಟ್ಟಿದ್ದು, 1974ರಲ್ಲಿ ಕರ್ನಾಟಕದಲ್ಲಿ ಡೇರಿ ಅಭಿವೃದ್ಧಿ ನಿಗಮ ಬಂದು 1984ರಲ್ಲಿ ಹಾಲು ಮಹಾಮಂಡಳಿಯಾದದ್ದು, ಇವೆಲ್ಲ ಒಂದೇ ಹಾದಿಯ ಹೆಜ್ಜೆಗಳು. ದಲ್ಲಾಳಿ ಹೋದ. ಹಾಲಿನ ಬೆಲೆ ಫ್ಯಾಟಿನ ಮೇಲೆ ನಿಂತಿತು.

ನಾವು ಇದನ್ನು ಹೀಗಳೆಯುವುದಿಲ್ಲ. ಫ್ಯಾಟು ಅಳೆಯುವ ನಳಿಗೆ ಜಾತಿ ಕೇಳುವುದಿಲ್ಲ. ನಮ್ಮ ಆಯಿಯ ಹಾಲಿಗೆ ಏಳು ಎಂದು ಹೇಳಿದ್ದು ಆ ಮಷೀನೇ. ಹುಟ್ಟಿದಾಗಿನಿಂದ ಅವಳ ದುಡಿಮೆಗೆ ಒಂದು ನಿಜವಾದ ಅಂಕ ಕೊಟ್ಟವರು ಬೇರೆ ಯಾರೂ ಇರಲಿಲ್ಲ. ಆದರೆ ನಳಿಗೆಯ ತನಕ ಮುಟ್ಟಲು ಬಾಗಿಲು ದಾಟಬೇಕು. ಘನಶ್ಯಾಮ ಶಾಹ, ಹರ್ಷ ಮಂದರ್, ಸುಖದೇವ ಥೋರಾಟ್, ಸತೀಶ ದೇಶಪಾಂಡೆ, ಅಮಿತಾ ಬಾವಿಸ್ಕರ್ ಇವರು ಗ್ರಾಮೀಣ ಭಾರತದ ಅಸ್ಪೃಶ್ಯತೆಯ ಬಗ್ಗೆ 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆಯನ್ನು 2006ರಲ್ಲಿ ಪುಸ್ತಕವಾಗಿ ತಂದರು. ಹಾಲಿನ ಸಂಘಗಳ ವಿಷಯ ವಿಚಾರಿಸಿದ ಹಳ್ಳಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ದಲಿತರು ಹಾಲು ಹಾಕಲು ಬಿಡುತ್ತಿರಲಿಲ್ಲ ಎಂದು ಅದರಲ್ಲಿದೆ. ಹಾಲು ಕೊಳ್ಳಲೂ ಬಿಡದ ಹಳ್ಳಿಗಳಿದ್ದವು. ಅದು ಇಂಥಾ ಒಂದು ಊರಿನ ಮಾತಲ್ಲ, ದೇಶದ ಮಾತು. ಕ್ಷೀರಕ್ರಾಂತಿ ಎಂದು ಪಠ್ಯಪುಸ್ತಕದಲ್ಲಿ ಓದಿದೆವಲ್ಲ, ಆ ಕ್ರಾಂತಿಗೂ ಎಷ್ಟೋ ಊರುಗಳಲ್ಲಿ ಎರಡು ಕ್ಯಾನು.

6

1976ಕ್ಕೆ ಬರೋಣ. ತುರ್ತು ಪರಿಸ್ಥಿತಿಯ ಕಾಲ. ಅವಳಿ ಕಾಯಿದೆಗಳೆರಡನ್ನೂ ಅದೇ ವರ್ಷ ಬಿಗಿ ಮಾಡಿದರು. ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೊಸ ಹೆಸರು ಬಂತು. ಶಿಕ್ಷೆಗಳನ್ನು ಅಕ್ಕಪಕ್ಕ ಇಡಿ. ಕಲಬೆರಕೆಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಸಜಾ, ಕನಿಷ್ಠ ಸಾವಿರ ರೂಪಾಯಿ ದಂಡ. ಹಾಲಿನಂಥ ಪ್ರಾಥಮಿಕ ಆಹಾರವಾದರೆ, ನ್ಯಾಯಾಧೀಶರು ವಿಶೇಷ ಕಾರಣ ಬರೆದರೆ ಮೂರು ತಿಂಗಳು, ಐನೂರು ರೂಪಾಯಿ. ವಯಸ್ಕನಾದರೆ ಪ್ರೊಬೇಶನ್ ಮೇಲೆ ಬಿಡುವ ಹಾದಿಯನ್ನೂ ಮುಚ್ಚಿದರು. ಅಸ್ಪೃಶ್ಯತೆ ಆಚರಿಸಿದರೆ ಕನಿಷ್ಠ ಒಂದು ತಿಂಗಳು ಸಜಾ, ಕನಿಷ್ಠ ನೂರು ರೂಪಾಯಿ ದಂಡ. ಅಂದರೆ ಹಾಲಿಗೆ ನೀರು ಕೂಡಿಸಿದರೆ ಆರು ತಿಂಗಳು, ಮನುಷ್ಯನಿಗೆ ನೀರು ಕೊಡದಿದ್ದರೆ ಒಂದು ತಿಂಗಳು. ಈ ಲೆಕ್ಕ ನಾವು ಮಾಡಿದ್ದಲ್ಲ, ಕಾಯಿದೆಯ ಪುಸ್ತಕದ್ದು.

ಕಲಬೆರಕೆ ಸಣ್ಣ ಅಪರಾಧ ಎಂದು ನಾವು ಹೇಳುತ್ತಿಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಕೂಡಿಸಿದರು. ಪ್ರೋಟೀನು ಅಳೆಯುವ ಪರೀಕ್ಷೆ ನೈಟ್ರೋಜನ್ ಎಣಿಸುತ್ತದೆ, ಮೆಲಮೈನಿನಲ್ಲಿ ನೈಟ್ರೋಜನ್ ಇದೆ, ಪರೀಕ್ಷೆ ಮೋಸಹೋಯಿತು. ಆರು ಕೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಹಾಸಿಗೆ ಹಿಡಿದರು. ಎಲ್ಲಿಯೇ ಆಗಲಿ ಕಲಬೆರಕೆಯ ಮೊದಲ ಬಲಿ ಬಡವರ ಕೂಸು. ಅಗ್ಗದ ಹಾಲು ಕೊಳ್ಳುವುದು ನಾವೇ. ಆದ್ದರಿಂದ ಶುದ್ಧಿಯ ಕಾಯಿದೆ ನಮಗೇ ಹೆಚ್ಚು ಬೇಕು. ನಮ್ಮ ಪ್ರಶ್ನೆ, ಅದು ಯಾರ ಕೊರಳಿಗೆ ಬೀಳುತ್ತದೆ ಎಂಬುದು.

ಉತ್ತರ ಪ್ರದೇಶದ ಒಬ್ಬ ಹಾಲು ಮಾರುವವನ ಕೇಸು ನೋಡಿ. 1995ರ ಅಕ್ಟೋಬರಿನಲ್ಲಿ ಮಾದರಿ ತೆಗೆದರು. ಫ್ಯಾಟು 4.6, ಅದು ಸರಿ ಇತ್ತು. ಎಸ್ಸೆನ್ನೆಫ್ 8.5 ಇರಬೇಕಾದಲ್ಲಿ 7.7 ಇತ್ತು. ಕೇಸು ಕೆಳಗಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಏರಿತು. 2019ರ ಅಕ್ಟೋಬರಿನಲ್ಲಿ ಅಂತಿಮ ತೀರ್ಪು. ಅಳತೆ ಅಂದರೆ ಅಳತೆ, ಸ್ವಲ್ಪ ಕಡಿಮೆ ಎಂದು ಬಿಡಲಾಗದು, ಶಿಕ್ಷೆ ಕಾಯಂ ಎಂದಿತು ಕೋರ್ಟು. ಒಂದು ಬಾಟಲಿ ಹಾಲಿಗೆ 24 ವರ್ಷ. ಕಾಯಿದೆಯ ಅಕ್ಷರದಲ್ಲಿ ತೀರ್ಪು ತಪ್ಪಲ್ಲ. ಆದರೆ ಇದೇ ಕಟ್ಟುನಿಟ್ಟು, ಸ್ವಲ್ಪ ಅಸ್ಪೃಶ್ಯತೆಯಾದರೂ ಬಿಡಲಾಗದು ಎಂಬ ಇದೇ ಹಟ, ಆ ಇನ್ನೊಂದು ಕಾಯಿದೆಗೆ ಯಾವಾಗ ಬರುತ್ತದೆ?

ಆ ತೀರ್ಪಿನ ಹೊತ್ತಿಗೆ ಹಳೆಯ ಕಲಬೆರಕೆ ಕಾಯಿದೆಯೇ ಇರಲಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರ ಆಗಸ್ಟ್ 5ರಂದು ಅದರ ಜಾಗಕ್ಕೆ ಬಂತು. ಕಳಪೆ ಹಾಲಿಗೆ ಜೇಲಿನ ಬದಲು ಐದು ಲಕ್ಷದ ತನಕ ದಂಡ, ತೀರ್ಮಾನ ಮಾಡುವವರು ಅಪರ ಜಿಲ್ಲಾಧಿಕಾರಿಯ ದರ್ಜೆಯವರು. ಅಪಾಯಕಾರಿ ಆಹಾರಕ್ಕೆ ಮಾತ್ರ ಜೇಲು. 2011ರ ನೋಂದಣಿ ನಿಯಮಗಳಲ್ಲಿ ಒಂದು ವಿನಾಯಿತಿ ಇತ್ತು. ಸಹಕಾರಿ ಸಂಘದ ಸದಸ್ಯನಾಗಿದ್ದು ಹಾಲೆಲ್ಲ ಸಂಘಕ್ಕೇ ಹಾಕುವವನು ಬೇರೆ ನೋಂದಣಿ ಮಾಡಿಸಬೇಕಿಲ್ಲ. ಒಳ್ಳೆಯದೇ. ಆದರೆ ಸಂಘದ ಬಾಗಿಲಲ್ಲೇ ತಡೆಸಿಕೊಂಡವಳು? ಅವಳು ಮನೆ ಮನೆಗೆ ಮಾರಬೇಕು, ನೋಂದಣಿಯನ್ನೂ ಮಾಡಿಸಬೇಕು. ಹೊರಗಿಟ್ಟವರಿಗೆ ಏನೂ ಇಲ್ಲ. ಹೊರಗೆ ಉಳಿದವಳ ಮೇಲೆ ಮತ್ತೊಂದು ಕಾಗದ.

ಹೊಸ ಪ್ರಾಧಿಕಾರ 2011ರಲ್ಲಿ ದೇಶದಾದ್ಯಂತ 1,791 ಹಾಲಿನ ಮಾದರಿ ತೆಗೆಯಿತು. ನೂರಕ್ಕೆ 68ರಷ್ಟು ಅಳತೆಗೆ ಬರಲಿಲ್ಲ. ಪತ್ರಿಕೆಗಳು ಬೊಬ್ಬೆ ಹಾಕಿದವು. ಬಹಳಷ್ಟರ ತಪ್ಪು ನೀರು, ಹಾಲಿನ ಪುಡಿ. 2018ರಲ್ಲಿ ಮತ್ತೆ 6,432 ಮಾದರಿ. ಈ ಸಲ ಕುಡಿಯಲು ಅಪಾಯವಾಗುವಂತೆ ಕಲಬೆರಕೆ ಮಾಡಿದ್ದು ಕೇವಲ 12. ಆದರೆ 368 ಮಾದರಿಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಮಿತಿ ಮೀರಿತ್ತು. ಅದೂ ಕಚ್ಚಾ ಹಾಲಿಗಿಂತ ಪಾಕೀಟಿಗೆ ಹೋಗುವ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು. ಈ ವಿಷ ಹಾಲಿಗೆ ಬರುವುದು ಬೂಷ್ಟು ಹಿಡಿದ ಹಿಂಡಿ, ಜೋಳ, ಬೂಸಾದಿಂದ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದ ಒಂದು ಮಾತಿಗೆ ರಾಜ್ಯವೇ ಹೊತ್ತಿ ಉರಿಯಿತು, ಅವರು ಮಂತ್ರಿಗಿರಿ ಕಳೆದುಕೊಂಡರು. ನಿಜವಾದ ಬೂಸಾದಲ್ಲಿ ವಿಷ ಇದೆ ಎಂದಾಗ ಯಾರೂ ಬೀದಿಗೆ ಇಳಿಯಲಿಲ್ಲ. ಸೈಕಲ್ಲಿನ ಕ್ಯಾನು ನಿಲ್ಲಿಸಿ ನೀರು ಹುಡುಕುವುದು ಸುಲಭ. ಮೇವಿನ ಗೋದಾಮಿನ ಬಾಗಿಲು ಬಡಿಯುವುದು ಕಷ್ಟ.

7

ಹಾಗಾದರೆ ನಾವು ಏನು ಮಾಡಬೇಕು?

ಮಾಸ್ತರರೇ, ನಿಮ್ಮಿಂದಲೇ ಸುರು ಮಾಡೋಣ. 2013ರ ಆಗಸ್ಟ್ 1ರಂದು ಕರ್ನಾಟಕದ ಸಾಲಿಗಳಲ್ಲಿ ಕ್ಷೀರಭಾಗ್ಯ ಬಂತು. ಹಾಲಿನ ಪುಡಿ ಕಲಸಿದ 150 ಮಿಲಿಲೀಟರು ಬಿಸಿ ಹಾಲು ಪ್ರತಿ ಮಗುವಿಗೆ. ನಮ್ಮ ಕೇರಿಯ ಎಷ್ಟೋ ಮಕ್ಕಳು ಲೋಟ ತುಂಬ ಹಾಲು ಕಂಡದ್ದು ಅಲ್ಲೇ. ಒಂದೇ ಪಾತ್ರೆ, ಒಂದೇ ಸೌಟು. ಪರಾಶರ ಸ್ಮೃತಿಗೆ ಇದಕ್ಕಿಂತ ದೊಡ್ಡ ಉತ್ತರ ಯಾರೂ ಬರೆದಿಲ್ಲ. ಆದರೆ ಆ ಪಾತ್ರೆಯನ್ನು ಯಾರು ಕಾಸುತ್ತಾರೆ, ಸಾಲು ಹೇಗೆ ನಿಲ್ಲುತ್ತದೆ, ಯಾವ ಮಗು ಮನೆಯವರ ಮಾತಿಗೆ ಲೋಟ ಸರಿಸುತ್ತದೆ ಎಂದು ನೋಡುವ ಕಣ್ಣು ನಿಮ್ಮದು. ಹಾಲು ಹಳಸಿದೆಯೇ ಎಂದು ಮೂಸಿ ನೋಡುವ ಹಾಗೆ ಅದನ್ನೂ ದಿನಾ ನೋಡಿ.

ಕಾರ್ಯಕರ್ತರೇ, ವಿದ್ಯಾರ್ಥಿ ಗೆಳೆಯರೇ, 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆಗಿದೆ, 2016ರ ಜನವರಿ 26ರಿಂದ ಜಾರಿಯಲ್ಲಿದೆ. ಊರವರೆಲ್ಲರಿಗೂ ಇರುವ ಕಸುಬು, ವ್ಯಾಪಾರದಿಂದ ನಮ್ಮನ್ನು ತಡೆಯುವುದು, ಸಾಮಾಜಿಕ ಆರ್ಥಿಕ ಬಹಿಷ್ಕಾರ ಹಾಕುವುದು ಅದರಲ್ಲಿ ಅಪರಾಧ. 1955ರಲ್ಲಿ ಅರ್ಧಕ್ಕೆ ನಿಂತ ಮಾತನ್ನು ಅರವತ್ತು ವರ್ಷದ ಮೇಲೆ ಬರೆದಿದ್ದಾರೆ. ಬರೆದದ್ದು ಓದದಿದ್ದರೆ ಇದ್ದೂ ಇಲ್ಲದ ಹಾಗೆ. ನಿಮ್ಮ ನಿಮ್ಮ ಊರಿನ ಡೇರಿಗೆ ನಸುಕಿನಲ್ಲಿ ಹೋಗಿ ನಿಲ್ಲಿ. ಕೇರಿಯ ಎಷ್ಟು ಮನೆಯವರು ಸದಸ್ಯರು? ಅವರಲ್ಲಿ ಯಾರಾದರೂ ಆಡಳಿತ ಮಂಡಳಿಯಲ್ಲಿ ಇದ್ದಾರೆಯೇ? ಕ್ಯಾನು ಎಷ್ಟು? ಯಾರ ಹಾಲು ಯಾವ ಕ್ಯಾನಿಗೆ? ಬರೆದಿಟ್ಟುಕೊಳ್ಳಿ. ಅದೇ ನಮ್ಮ ಮಾದರಿ, ಅದೇ ನಮ್ಮ ಮೂರು ಬಾಟಲಿ. ಆಹಾರ ಇನ್ಸ್‌ಪೆಕ್ಟರು ಫಿರ್ಯಾದಿಗೆ ಕಾಯದೆ ಮಾದರಿ ತೆಗೆಯಬಹುದಾದರೆ, ಅಸ್ಪೃಶ್ಯತೆಗೂ ಅಂಥಾ ಅಧಿಕಾರಿ ಬೇಕು ಎಂದು ಕೇಳುವ ಹಕ್ಕು ನಮಗಿದೆ. ಒಂದೇ ದಿನ ಬಂದ ಕಾಯಿದೆಗಳಿಗೆ ಒಂದೇ ಬಲ ಬೇಕು.

ಆಯಿ ಈಗ ಇಲ್ಲ. ಅವಳ ಎಮ್ಮೆಯನ್ನು ಪಾಲು ಮುಗಿದ ಮೇಲೆ ಮಾಲಕರು ಹೊಡೆದುಕೊಂಡು ಹೋದರು. ಫ್ಯಾಟು ಏಳು ಎಂದು ಬರೆದ ಆ ಚೀಟಿ ಮಾತ್ರ ಅವಳ ಎಲೆಯಡಿಕೆ ಚೀಲದಲ್ಲಿ ಮಡಚಿ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ನಾವು ಓದಿದ್ದೇವೆ. ಅದಕ್ಕೇ ಇದನ್ನು ಬರೆದೆವು.